ಸಮಾಧಾನ: ಕೈಯಿಂದ ಕೈಗೆ

ಸಮ್ಮೇಳನದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ ನಾನು ಬಹಳ ಹಿಂಜರಿದೆ. ನಾನು ಲೇಖಕಿಯಲ್ಲ, ವಿದುಷಿಯಂತೂ ಅಲ್ಲವೇ ಅಲ್ಲ. ಧಾರವಾಡದಲ್ಲಿ ಬಿ.ಎ. ಓದಿ, ಮದುವೆಯಾಗಿ, 1997ರಲ್ಲಿ ಪತಿ ಹಾಗೂ ಪುಟ್ಟ ಮಗಳೊಂದಿಗೆ ಮೆಲ್ಬರ್ನಿಗೆ ಬಂದು, ಅಲ್ಲಿ ಹದಿನಾಲ್ಕು ವರ್ಷ ಸಂಸಾರ ನಡೆಸಿ, ಅನಂತರ ಸಿಡ್ನಿಯಲ್ಲಿ ನೆಲೆಸಿರುವ ಒಬ್ಬ ಸಾಮಾನ್ಯ ಗೃಹಿಣಿ. ವಿಷಯ ಯಾವುದೆಂದು ಕೇಳಿದೆ. "ಕ್ರೈಸ್ತ ಶ್ರದ್ಧೆಯಿಂದ ನಿಮಗೆ ದೊರೆತ ಅಂತರಂಗದ ಶಾಂತಿಯನ್ನು ಕುರಿತು ಬರೆಯಿರಿ" ಎಂದರು. ಆ ಮಾತು ನನ್ನನ್ನು ಅನೇಕ ದಿನ ಕಾಡಿತು. ಶಾಂತಿ ನನಗೆ ನಿಜವಾಗಿ ದೊರೆತಿದೆಯೇ? ದೊರೆತಿದ್ದರೆ ಎಲ್ಲಿ, ಯಾರ ಕೈಯಿಂದ? ಈ ಪ್ರಶ್ನೆಗಳಿಗೆ ನನ್ನ ಬಾಳಿನಿಂದಲೇ ಉತ್ತರ ಹುಡುಕುವ ಒಂದು ಸಣ್ಣ ಪ್ರಯತ್ನ ಈ ಬರಹ.

ಕನ್ನಡದಲ್ಲಿ 'ಶಾಂತಿ' ಇದೆ, 'ನೆಮ್ಮದಿ' ಇದೆ. ಆದರೆ ನಾನು ಬೆಳೆದ ಮನೆಯಲ್ಲಿಯೂ, ಪ್ರತಿ ಭಾನುವಾರ ಹೋಗುತ್ತಿದ್ದ ದೇವಾಲಯದಲ್ಲಿಯೂ ಹೆಚ್ಚಾಗಿ ಕಿವಿಗೆ ಬೀಳುತ್ತಿದ್ದ ಪದ 'ಸಮಾಧಾನ'. ನಮ್ಮ ಸತ್ಯವೇದದಲ್ಲಿ ಶಾಂತಿ, ಸಮಾಧಾನ ಎರಡೂ ಬರುತ್ತವೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಎರಡನೆಯದು. ಈ ಪದವನ್ನು ನಾವು ಬಳಸುವ ರೀತಿಯನ್ನೊಮ್ಮೆ ಗಮನಿಸಿರಿ. ಅಳುವ ಕೂಸನ್ನು ಎತ್ತಿಕೊಂಡು ಸಮಾಧಾನ ಮಾಡುತ್ತೇವೆ. ಜಗಳವಾಡಿದವರನ್ನು ಕೂಡಿಸಿ ಸಮಾಧಾನ ಮಾಡುತ್ತೇವೆ. ಅವಸರ ಪಡುವವರಿಗೆ ಸಮಾಧಾನದಿಂದಿರಿ ಎನ್ನುತ್ತೇವೆ. ಸಂಸ್ಕೃತದ ಮೂಲಾರ್ಥ ನೋಡಿದರೆ ಬೇರೆ ಬೇರೆಯಾದುದನ್ನು ಒಟ್ಟುಗೂಡಿಸಿ ಇಡುವುದೇ ಸಮಾಧಾನ. ಶಮ, ದಮ, ಉಪರತಿ, ತಿತಿಕ್ಷೆ, ಶ್ರದ್ಧೆಗಳ ಜೊತೆಗೆ ಆರನೆಯ ಸಂಪತ್ತಾಗಿ ವೇದಾಂತಿಗಳು ಹೇಳುವುದೂ ಸಮಾಧಾನವನ್ನೇ. ಅಲ್ಲಿ ಅದು ಚದುರಿದ ಚಿತ್ತವನ್ನು ಒಂದೆಡೆ ನಿಲ್ಲಿಸುವುದು. ಇತ್ತ ಬೈಬಲಿನ ಹೀಬ್ರೂ ಭಾಷೆಯ 'ಶಾಲೋಮ್' ಎಂಬ ಪದಕ್ಕೆ ಪೂರ್ಣತೆಯೆಂಬುದು ಮೂಲದ ಅರ್ಥ. ಸಾಲ ತೀರಿಸುವುದು ಎಂಬ ಅರ್ಥದ ಪದವೂ ಅದೇ ಧಾತುವಿನಿಂದ ಹುಟ್ಟಿದೆ. ಒಡೆದದ್ದು ಕೂಡಬೇಕು, ಬಾಕಿ ತೀರಬೇಕು, ಆಗ ಸಮಾಧಾನ. ಈ ಅರ್ಥ ನನಗೆ ಪುಸ್ತಕದಿಂದ ತಿಳಿದದ್ದು ಬಹಳ ತಡವಾಗಿ. ಅದಕ್ಕೂ ಮೊದಲೇ ಅದನ್ನು ನನಗೆ ಕಲಿಸಿದವಳು ನನ್ನ ಅವ್ವ.

ಧಾರವಾಡದಲ್ಲಿ ಬಾಸೆಲ್ ಮಿಷನ್ನಿನವರು ನೆಲೆಯೂರಿದ್ದು 1837ರಲ್ಲಿ. ನಮ್ಮ ಮನೆತನ ಆ ಸಭೆಗೆ ಸೇರಿ ನನ್ನ ಕಾಲಕ್ಕೆ ಐದು ತಲೆಮಾರುಗಳಾಗಿದ್ದವು. ಕರ್ತನ ಭೋಜನದ ಸಂಸ್ಕಾರವಿದ್ದ ಭಾನುವಾರಗಳಂದು ಅವ್ವ ಬೆಳಿಗ್ಗೆಯೇ ನನ್ನನ್ನೂ ಅಣ್ಣನನ್ನೂ ಎದುರು ಬದುರು ನಿಲ್ಲಿಸುತ್ತಿದ್ದಳು. ಆ ವಾರ ಪೆನ್ಸಿಲಿಗಾಗಿಯೋ ಪೇರಲ ಹಣ್ಣಿಗಾಗಿಯೋ ನಾವು ಕಚ್ಚಾಡಿದ್ದೇ ಇರುತ್ತಿತ್ತು. "ದೇವರ ಮುಂದ ಹೋಗೂಕಿಂತ ಮೊದಲ ಅಣ್ಣನ ಮುಂದ ಹೋಗಿ ಬಾ" ಎಂಬುದು ಅವಳ ಆಜ್ಞೆ. ಕಾಣಿಕೆಯನ್ನು ಬಲಿಪೀಠದ ಬಳಿಯಲ್ಲೇ ಬಿಟ್ಟು, ಮೊದಲು ಸೋದರನೊಡನೆ ರಾಜಿಯಾಗಿ ಬಾ ಎಂಬ ಯೇಸುಸ್ವಾಮಿಯ ಬೋಧನೆಯನ್ನು ಆಕೆ ಧಾರವಾಡದ ಕನ್ನಡಕ್ಕೆ ತಂದದ್ದು ಹೀಗೆ.

ದೇವಾಲಯದಲ್ಲಿ ಅದಕ್ಕೆ ಮುಂದಿನ ಪಾಠವಿರುತ್ತಿತ್ತು. ದಕ್ಷಿಣ ಭಾರತ ಸಭೆ ಸ್ಥಾಪನೆಯಾದದ್ದು 1947ರ ಸೆಪ್ಟೆಂಬರ್ 27ರಂದು. 1950ರಲ್ಲಿ ಅದು ಸಿದ್ಧಪಡಿಸಿದ ಆರಾಧನಾ ಕ್ರಮದಲ್ಲಿ ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಉಳಿದು ಬಂದಿದ್ದ ಒಂದು ಪುರಾತನ ಪದ್ಧತಿಗೆ ಎಡೆಕೊಡಲಾಯಿತು. ಸಭಾಪಾಲಕರು ಎದುರಿಗಿದ್ದವರ ಅಂಗೈಗಳನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಸಮಾಧಾನವನ್ನು ಹಾರೈಸುತ್ತಾರೆ. ಅವರು ತಮ್ಮ ಪಕ್ಕದವರಿಗೆ, ಅವರು ಮತ್ತೆ ಪಕ್ಕದವರಿಗೆ. ಹೀಗೆ ಅದು ಸಾಲಿನಿಂದ ಸಾಲಿಗೆ ಸಾಗಿ ಕಟ್ಟಕಡೆಯ ಬೆಂಚಿನಲ್ಲಿ ಕುಳಿತವರನ್ನು ಮುಟ್ಟುತ್ತದೆ. ಈ ಕ್ರಮ ಮುಂದೆ ಲೋಕದ ಬೇರೆ ಅನೇಕ ಸಭೆಗಳಿಗೂ ಪ್ರೇರಣೆಯಾಯಿತು. ಬಾಲ್ಯದಲ್ಲಿ ನನಗೆ ಇದೊಂದು ಆಟದಂತೆ ಕಾಣುತ್ತಿತ್ತು. ನನ್ನ ಕೈಗೆ ಬಂದದ್ದನ್ನು ಅಣ್ಣನಿಗೆ ಕೊಡದೆ ನಾನು ಇಟ್ಟುಕೊಳ್ಳುವಂತಿಲ್ಲ ಎಂಬುದಷ್ಟೇ ಅದರ ನಿಯಮ.

ಮೆಲ್ಬರ್ನಿಗೆ ಹೊರಟಾಗ ಬಂಧುಗಳು, "ನಿಮಗೇನು, ಕ್ರೈಸ್ತರ ದೇಶಕ್ಕೇ ಹೋಗುತ್ತಿದ್ದೀರಿ" ಎಂದು ಹರಸಿದ್ದರು. ಬಂದ ಮೇಲೆ ಕಂಡದ್ದು ಬೇರೆ. ಅರ್ಧಕ್ಕರ್ಧ ಖಾಲಿಯಾದ ಬೆಂಚುಗಳು, ನರೆಗೂದಲಿನ ಭಕ್ತರು, ಮಾರಾಟವಾಗಿ ಮನೆಗಳಾದ ದೇವಾಲಯಗಳು. 2021ರ ಜನಗಣತಿಯ ವೇಳೆಗೆ ಆಸ್ಟ್ರೇಲಿಯದಲ್ಲಿ ತಾವು ಕ್ರೈಸ್ತರೆಂದು ಹೇಳಿಕೊಂಡವರು ಶೇಕಡಾ 43.9ಕ್ಕೆ ಇಳಿದಿದ್ದರು, ಯಾವ ಧರ್ಮವೂ ಇಲ್ಲವೆಂದವರು ಶೇಕಡಾ 38.9. ಇದನ್ನು ದೂರಾಗಿ ಹೇಳುತ್ತಿಲ್ಲ. ಧರ್ಮ ದೇಶದ ಗಾಳಿಯಲ್ಲಿರುತ್ತದೆ, ಉಸಿರಾಡಿದರೆ ಸಾಕು ಎಂಬ ನನ್ನ ಭ್ರಮೆ ಅಲ್ಲಿ ಕಳಚಿತು ಎಂಬುದಕ್ಕಾಗಿ ಹೇಳುತ್ತಿದ್ದೇನೆ. ಇಂಗ್ಲಿಷಿನ ಆರಾಧನೆಯಲ್ಲಿ ಕುಳಿತು ಎಲ್ಲವನ್ನೂ ಅರ್ಥಮಾಡಿಕೊಳ್ಳುತ್ತಿದ್ದೆ. ಆದರೆ ಅತ್ತರೆ ಕನ್ನಡದಲ್ಲಿಯೇ ಅಳು ಬರುತ್ತಿತ್ತು. ಪತಿ ಕೆಲಸಕ್ಕೂ ಮಗಳು ಶಾಲೆಗೂ ಹೋದ ಮೇಲೆ ಅಡಿಗೆಮನೆಯಲ್ಲಿ ನಿಂತು ಅವ್ವ ಕಲಿಸಿದ ಗೀತೆಗಳನ್ನು ಹಾಡಿಕೊಳ್ಳುವುದೇ ನನ್ನ ಆರಾಧನೆಯಾಯಿತು.

ಇನ್ನೊಂದು ಕಡೆ ಕನ್ನಡ ಬಂಧುಗಳ ಕೂಟ. ಯುಗಾದಿ, ರಾಜ್ಯೋತ್ಸವಗಳಿಗೆ ನಾನು ಹೋಳಿಗೆ ಮಾಡಿಕೊಂಡು ಹೋಗುತ್ತಿದ್ದೆ. ಒಮ್ಮೆ ಒಬ್ಬ ಸೋದರಿ ಬಹಳ ಸೌಜನ್ಯದಿಂದಲೇ, "ನೀವು ಯಾವಾಗ ಮತಾಂತರ ಆದದ್ದು?" ಎಂದು ಕೇಳಿದರು. "ನನ್ನ ಮುತ್ತಜ್ಜನ ಕಾಲದಲ್ಲಿ" ಎಂದು ನಕ್ಕೆ. ಮನೆಗೆ ಬಂದು ಅತ್ತೆ. ಅಂದಿನ ಕಾರ್ಯಕ್ರಮ ಆರಂಭವಾದದ್ದು ಬಿ.ಎಂ.ಶ್ರೀಯವರ 'ಇಂಗ್ಲಿಷ್ ಗೀತಗಳು' ಸಂಕಲನದ, ಬೆಳಕನ್ನು ಕರೆಯುವ ಆ ಸುಪ್ರಸಿದ್ಧ ಪ್ರಾರ್ಥನೆಯಿಂದ. ಅದರ ಮೂಲವನ್ನು ಬರೆದವರು ಕ್ರೈಸ್ತ ಪಾದ್ರಿ ಜಾನ್ ಹೆನ್ರಿ ನ್ಯೂಮನ್. 1833ರಲ್ಲಿ ಇಟಲಿಯಲ್ಲಿ ಕಾಯಿಲೆ ಬಿದ್ದು ಎದ್ದು, ತಮ್ಮ ನಾಡಿಗೆ ಮರಳುತ್ತಿದ್ದಾಗ ಸಮುದ್ರದ ನಡುವೆ ಬರೆದ ಗೀತೆ ಅದು. ಮನೆಯಿಂದ ದೂರವಾದವನ ಒಂದು ಪ್ರಾರ್ಥನೆಯನ್ನು, ಮನೆಯಿಂದ ದೂರವಾದ ನಾವೆಲ್ಲರೂ ಮತಭೇದವಿಲ್ಲದೆ ಎದ್ದು ನಿಂತು ಹಾಡಿದ್ದೆವು! 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟ ಕಿಟ್ಟೆಲ್, ಸರ್ವಜ್ಞನ ವಚನಗಳನ್ನು ಊರೂರು ಅಲೆದು ಸಂಗ್ರಹಿಸಿ, 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಕ್ರೈಸ್ತ ಪಾದ್ರಿ ಉತ್ತಂಗಿ ಚನ್ನಪ್ಪನವರು, ಯೇಸುವಿನ ಅಂತಿಮ ದಿನವನ್ನು 'ಗೊಲ್ಗೊಥಾ' ಎಂಬ ಕಾವ್ಯವಾಗಿಸಿದ ಮಂಜೇಶ್ವರದ ಗೋವಿಂದ ಪೈಗಳು, ಇವರೆಲ್ಲ ನನಗೆ ಆ ದಿನ ಆಸರೆಯಾದರು. ಆದರೂ ಒಪ್ಪಿಕೊಳ್ಳುತ್ತೇನೆ: ಆ ಸೋದರಿಯ ಪ್ರಶ್ನೆಯನ್ನು ನಾನು ಬಹುಕಾಲ ಎದೆಯಲ್ಲಿ ಮುಳ್ಳಿನಂತೆ ಇಟ್ಟುಕೊಂಡೆ. ಪ್ರಾರ್ಥಿಸಿದೆ, ಆದರೆ ಅವರೊಡನೆ ಮತ್ತೆ ಮಾತಾಡಲಿಲ್ಲ.

2011ರಲ್ಲಿ ಪತಿಯ ಉದ್ಯೋಗದ ನಿಮಿತ್ತ ನಾವು ಸಿಡ್ನಿಗೆ ಬಂದೆವು. ಮಗಳು ಓದಿಗೆಂದು ಮೆಲ್ಬರ್ನಿನಲ್ಲೇ ಉಳಿದಳು. ಅಲ್ಲಿಯೇ ಕೆಲಸ, ಅಲ್ಲಿಯೇ ಮದುವೆ. ಎರಡೂ ನಗರಗಳ ನಡುವೆ ಸುಮಾರು ಒಂಬೈನೂರು ಕಿಲೋಮೀಟರು. ರೈಲಿನಲ್ಲಿ ಒಂದು ಹಗಲಿನ ಪ್ರಯಾಣ. 2020ರ ಆಗಸ್ಟ್ ತಿಂಗಳಲ್ಲಿ ಅವಳ ಹೆರಿಗೆ. ಚೊಚ್ಚಲು ಬಾಣಂತನಕ್ಕೆಂದು ಅಂಟು, ಉತ್ತತ್ತಿ, ಒಣಕೊಬ್ಬರಿಗಳನ್ನು ಕೂಡಿಸಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಜುಲೈ 8ರಂದು ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ರಾಜ್ಯಗಳ ಗಡಿ ಮುಚ್ಚಿತು. 1919ರ ಇನ್‌ಫ್ಲುಯೆಂಜಾ ಪಿಡುಗಿನ ನಂತರ ಹಾಗೆ ಮುಚ್ಚಿದ್ದು ಅದೇ ಮೊದಲು. ಗಡಿಯಾಗಿ ಹರಿಯುವ ಮರ್ರೇ ನದಿಯ ಆಚೆಗೆ ಮಗಳು, ಈಚೆಗೆ ನಾನು. ಗಡಿ ತೆರೆಯುವಾಗ ನವೆಂಬರ್ 23 ಆಗಿತ್ತು. ಮೊಮ್ಮಗನಿಗೆ ಮೂರು ತಿಂಗಳು ತುಂಬಿತ್ತು.

ಆ ಮೂರು ತಿಂಗಳು ನನ್ನ ಮಗಳ ಬಾಣಂತನ ಮಾಡಿದವರು ಯಾರು ಗೊತ್ತೆ? ಮೆಲ್ಬರ್ನಿನ ಟಾರ್ನೀಟ್ ಬಡಾವಣೆಯಲ್ಲಿ ಅವಳದೇ ಬೀದಿಯಲ್ಲಿರುವ ವಿಜಯಪುರ ಜಿಲ್ಲೆಯ ಒಬ್ಬ ತಾಯಿ. ಐದು ಕಿಲೋಮೀಟರ್ ಆಚೆ ಹೋಗಲು ಅಪ್ಪಣೆಯಿಲ್ಲದ, ರಾತ್ರಿ ಹೊರಗೆ ಕಾಲಿಡಲಾಗದ ಆ ದಿನಗಳಲ್ಲಿ ಆಕೆ ಅಂಟಿನುಂಡಿ ಕಟ್ಟಿ, ಅಜವಾನದ ಕಷಾಯ ಕಾಸಿ, ಬಾಗಿಲ ಮುಂದಿಟ್ಟು, ಗಂಟೆ ಒತ್ತಿ, ದೂರ ನಿಂತು ಕೂಸಿನ ಮುಖ ನೋಡಿ ಹೋಗುತ್ತಿದ್ದರು. ಕೊರಳಲ್ಲಿ ಇಷ್ಟಲಿಂಗ ಧರಿಸುವ ಆ ಶರಣೆಗೆ ನನ್ನ ಮಗಳ ದೇವಾಲಯ ಯಾವುದೆಂಬ ಪ್ರಶ್ನೆಯೇ ಹೊಳೆಯಲಿಲ್ಲ. ನಾನು ಸಿಡ್ನಿಯಲ್ಲಿ ಮಂಡಿಯೂರಿ ಬೇಡುತ್ತಿದ್ದ ಸಮಾಧಾನ ಮೆಲ್ಬರ್ನಿನಲ್ಲಿ ಡಬ್ಬಿಯೊಂದರಲ್ಲಿ ಬಂದು ಕುಳಿತಿತ್ತು. ಹಿಂದೆ ನನ್ನನ್ನು ಪ್ರಶ್ನಿಸಿದ್ದ ಸೋದರಿಯ ನೆನಪು ಬಂದು ನಾಚಿಕೆಯಾಯಿತು. ಒಬ್ಬರ ಒಂದು ಮಾತಿನಿಂದ ಇಡೀ ಸಮುದಾಯವನ್ನು ನಾನು ಅಳೆದುಬಿಟ್ಟಿದ್ದೆ.

ಆದರೆ ಕಠಿಣವಾದ ಪಾಠ ಇನ್ನೂ ಬಾಕಿಯಿತ್ತು. 2021ರ ಮೇ ತಿಂಗಳ ಮೊದಲ ವಾರದಲ್ಲಿ, ಸಾಂಕ್ರಾಮಿಕದ ಎರಡನೆಯ ಅಲೆಯಲ್ಲಿ, ಧಾರವಾಡದಲ್ಲಿ ಅವ್ವ ತೀರಿಕೊಂಡಳು. ಆಗ ಆಸ್ಟ್ರೇಲಿಯ ಬಿಟ್ಟು ಹೊರಡಲು ವಿಶೇಷ ಅನುಮತಿ ಬೇಕಿತ್ತು. ಭಾರತದಿಂದ ಇಲ್ಲಿಗೆ ಬರುವ ವಿಮಾನಗಳು ಏಪ್ರಿಲ್ 27ರಿಂದ ಮೇ 15ರವರೆಗೆ ನಿಂತೇ ಹೋಗಿದ್ದವು. ಹೋಗುವ ಮಾತೇ ಇರಲಿಲ್ಲ. ಆದರೆ ಅಣ್ಣ ನನಗೆ ಸುದ್ದಿ ತಿಳಿಸಿದ್ದು ಮಣ್ಣು ಕೊಟ್ಟಾದ ಮೇಲೆ. ದೂರವಾಣಿಯಲ್ಲಾದರೂ ಮುಖ ತೋರಿಸಬಾರದಿತ್ತೆ ಎಂದು ಕೇಳಿದೆ. "ನೋಡಿ ಏನ್ ಮಾಡಾಕಿದ್ದಿ?" ಎಂದ. ನಾನು ಆಡಬಾರದ ಮಾತುಗಳನ್ನಾಡಿ ದೂರವಾಣಿಯನ್ನು ಕೆಳಗಿಟ್ಟೆ. ಎರಡು ವರ್ಷ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಆ ಎರಡು ವರ್ಷ ನಾನು ಎಂದಿಗಿಂತ ಹೆಚ್ಚು ಪ್ರಾರ್ಥಿಸಿದೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸತ್ಯವೇದ ಓದುತ್ತಿದ್ದೆ. ಉಪವಾಸ ಮಾಡಿದೆ. ಮನಸ್ಸು ಕೆಲಹೊತ್ತು ನಿಶ್ಚಲವಾಗುತ್ತಿತ್ತು. ಅದನ್ನೇ ದೇವರು ಕೊಟ್ಟ ಶಾಂತಿಯೆಂದು ನಂಬಿದೆ. ಆದರೆ ಅಣ್ಣನ ಹೆಸರು ಕಿವಿಗೆ ಬಿದ್ದರೆ ಸಾಕು, ಕುದಿಯುವ ಎಸರಿನಂತೆ ಮನಸ್ಸು ಉಕ್ಕುತ್ತಿತ್ತು. ಈಗ ತಿಳಿಯುತ್ತದೆ: ನಾನು ಪ್ರಾರ್ಥನೆಯನ್ನು ನಿದ್ರೆಯ ಮಾತ್ರೆಯಂತೆ ನುಂಗುತ್ತಿದ್ದೆ. ನೋವು ಮರೆಯುತ್ತಿತ್ತು, ಗಾಯ ಹಾಗೆಯೇ ಇತ್ತು.

ಸೋಂಕಿನ ಭಯದಿಂದ ದೇವಾಲಯಗಳಲ್ಲಿ ಪರಸ್ಪರ ಕೈಹಿಡಿಯುವ ಪದ್ಧತಿ ನಿಂತಿತ್ತು. ತಲೆಬಾಗಿ ನಗುವುದಷ್ಟೇ ಉಳಿದಿತ್ತು. 2023ರ ಈಸ್ಟರ್ ಹೊತ್ತಿಗೆ, ನಾವು ಹೋಗುವ ಸಿಡ್ನಿಯ ದೇವಾಲಯದಲ್ಲಿ ಮತ್ತೆ ಕೈಗಳು ಚಾಚಿಕೊಂಡವು. ನನ್ನ ಪಕ್ಕದಲ್ಲಿದ್ದ ಎಂಬತ್ತು ದಾಟಿದ ಆಸ್ಟ್ರೇಲಿಯನ್ ಅಜ್ಜಿಯೊಬ್ಬರು ನಡುಗುವ ಎರಡೂ ಕೈಗಳಿಂದ ನನ್ನ ಕೈ ಹಿಡಿದರು. ಅವರ ಅಂಗೈ ಅವ್ವನ ಅಂಗೈಯಂತೆ ಒರಟಾಗಿ, ಬೆಚ್ಚಗೆ ಇತ್ತು. ಬಾಲ್ಯದ ಆಟದ ನಿಯಮ ಥಟ್ಟನೆ ನೆನಪಾಯಿತು: ಬಂದದ್ದನ್ನು ಇಟ್ಟುಕೊಳ್ಳುವಂತಿಲ್ಲ, ಅಣ್ಣನಿಗೆ ಕೊಡಬೇಕು. ನನ್ನ ಇನ್ನೊಂದು ಪಕ್ಕದ ಬೆಂಚು ಖಾಲಿಯಾಗಿತ್ತು. ಅಂದು ನಾನು ಕರ್ತನ ಭೋಜನಕ್ಕೆ ಎದ್ದು ಹೋಗಲಿಲ್ಲ. ಮನೆಗೆ ಬಂದು ಅಣ್ಣನಿಗೆ ದೂರವಾಣಿ ಮಾಡಿದೆ.

ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನೇ ಹೇಳಿದ: "ನಾನೂ ಅಲ್ಲಿ ಇರಲಿಲ್ಲ ತಂಗಿ. ನನಗೂ ಸೋಂಕು ತಗಲಿತ್ತು, ಹಾಸಿಗಿ ಬಿಟ್ಟು ಏಳಾಕ ಆಗಲಿಲ್ಲ. ಅವ್ವನ್ನ ಮಣ್ಣಿಗಿಟ್ಟವರು ಸಭೆಯ ಹುಡುಗರು. ಮಗ ಆಗಿ ನಾನೂ ಮುಖ ನೋಡಲಿಲ್ಲ ಅಂತ ನಿನಗ ಹೆಂಗ ಹೇಳ್ಲಿ?" ತೋರಿಸಲು ಅವನ ಬಳಿ ಅವ್ವನ ಮುಖವೇ ಇರಲಿಲ್ಲ. ಆ ಅವಮಾನವನ್ನು ಮುಚ್ಚಿಕೊಳ್ಳಲು ಅವನು ಒರಟು ಮಾತಾಡಿದ್ದ. ಅವನನ್ನು ಏನೂ ಕೇಳದೆ ನಾನು ತೀರ್ಪು ಕೊಟ್ಟುಬಿಟ್ಟಿದ್ದೆ. ಆ ಸಂಜೆ ನಾವಿಬ್ಬರೂ ಅವ್ವನಿಗಾಗಿ ಒಟ್ಟಿಗೆ ಅತ್ತೆವು. ಎರಡು ವರ್ಷ ತಡವಾಗಿ ನಡೆದ ಆ ದುಃಖವೇ ನನಗೆ ದೊರೆತ ಸಮಾಧಾನ. ಅದು ಆನಂದವಲ್ಲ, ಅವ್ವನ ಮುಖ ನೋಡದ ನೋವು ಇಂದಿಗೂ ಇದೆ. ಊರಿನ ಮನೆಯ ವಿಷಯದಲ್ಲಿ ಅಣ್ಣನಿಗೂ ನನಗೂ ಇಂದಿಗೂ ಭಿನ್ನಾಭಿಪ್ರಾಯವಿದೆ. ಆದರೆ ಭಾನುವಾರದ ದೂರವಾಣಿ ತಪ್ಪಿಲ್ಲ.

ಮರುವಾರ ಮೆಲ್ಬರ್ನಿಗೆ ಹೋದಾಗ ನನ್ನನ್ನು ಹಿಂದೆ ಪ್ರಶ್ನಿಸಿದ್ದ ಆ ಸೋದರಿಯ ಮನೆಗೂ ಹೋದೆ. ಅವರಿಗೆ ಆ ಪ್ರಶ್ನೆ ಕೇಳಿದ್ದೇ ನೆನಪಿರಲಿಲ್ಲ. ಇಷ್ಟು ವರ್ಷ ಮುಳ್ಳನ್ನು ಹೊತ್ತವಳು ನಾನೊಬ್ಬಳೇ!

ಈ ಅನುಭವದಿಂದ ನನಗೆ ಮೂಡಿದ ಅಭಿಪ್ರಾಯವನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಅಂತರಂಗದ ಶಾಂತಿಯನ್ನು ಒಬ್ಬೊಬ್ಬರೂ ತಮ್ಮ ತಮ್ಮ ಕೋಣೆಯಲ್ಲಿ ಕುಳಿತು ಸಂಪಾದಿಸಿ ಬಚ್ಚಿಟ್ಟುಕೊಳ್ಳುವ ಒಡವೆಯೆಂದು ಇಂದು ಬಹಳ ಮಂದಿ ತಿಳಿದಿದ್ದಾರೆ. ಏಕಾಂತ ಬೇಡವೆಂದು ನಾನು ಹೇಳಲಾರೆ. ಯೇಸುವೂ ಪ್ರಾರ್ಥನೆಗಾಗಿ ಒಬ್ಬನೇ ಬೆಟ್ಟಕ್ಕೆ ಹೋಗುತ್ತಿದ್ದನೆಂದು ಸುವಾರ್ತೆಗಳು ಹೇಳುತ್ತವೆ. ಆದರೆ ಆತ ಬೆಟ್ಟದಿಂದ ಇಳಿದು ಜನರ ನಡುವೆ ಬರುತ್ತಿದ್ದ. ಇಳಿದು ಬರಲು ಹೇಳದ ಪ್ರಾರ್ಥನೆಯನ್ನು ನಾನು ಈಗ ನಂಬುವುದಿಲ್ಲ. ನನ್ನ ಶ್ರದ್ಧೆ ನನಗೆ ಶಾಂತಿಯನ್ನು ಕೈಯಲ್ಲಿಟ್ಟು ಕೊಡಲಿಲ್ಲ; ಯಾರ ಬಾಗಿಲು ತಟ್ಟಬೇಕೆಂದು ತೋರಿಸಿ, ತಟ್ಟುವ ಧೈರ್ಯವನ್ನು ಕೊಟ್ಟಿತು.

ನನ್ನ ಕ್ರೈಸ್ತ ಬಂಧುಗಳಿಗೂ ಒಂದು ಮಾತು. "ನಮ್ಮಲ್ಲಿಗೆ ಬನ್ನಿ, ಶಾಂತಿ ಸಿಗುತ್ತದೆ" ಎಂದು ಅದನ್ನು ಅಂಗಡಿಯ ಸರಕಿನಂತೆ ಸಾರುವುದು ನಮಗೆ ಶೋಭಿಸದು. ನನ್ನ ಮಗಳಿಗೆ ಸಮಾಧಾನ ತಂದದ್ದು ಶರಣೆಯೊಬ್ಬರ ಕೈ. ಕೊಡುವಾತ ದೇವರೆಂದು ನಾನು ನಂಬುತ್ತೇನೆ. ಯಾರ ಕೈಯಿಂದ ಕೊಡಿಸಬೇಕೆಂಬುದನ್ನು ಆತ ನನ್ನನ್ನು ಕೇಳಿ ನಿರ್ಧರಿಸುವುದಿಲ್ಲ.

ಪ್ರಿಯ ಪ್ರತಿನಿಧಿಗಳೇ, ನಾವೆಲ್ಲ ಎರಡು ವರ್ಷಕ್ಕೊಮ್ಮೆ ಹೀಗೆ ಸೇರುತ್ತೇವೆ. ಈ ಸಭಾಂಗಣದಲ್ಲಿ ಕುಳಿತಿರುವ ನಮ್ಮಲ್ಲಿ ಎಷ್ಟು ಮಂದಿ ಊರಿನ ಅಣ್ಣತಮ್ಮಂದಿರೊಡನೆ, ಅಕ್ಕತಂಗಿಯರೊಡನೆ ಮಾತು ಬಿಟ್ಟಿದ್ದೇವೆ? ಎಷ್ಟು ಮಂದಿ ಹೆತ್ತವರ ಕೊನೆಯ ದರ್ಶನ ತಪ್ಪಿದ ನೋವನ್ನು ಸಿಟ್ಟಾಗಿ ಮಾರ್ಪಡಿಸಿಕೊಂಡು ಹೊತ್ತಿದ್ದೇವೆ? ದೂರದೇಶದಲ್ಲಿರುವವರಿಗೆ ಈ ರೋಗ ಬೇಗ ಅಂಟುತ್ತದೆ. ಏಕೆಂದರೆ ಸಾವಿರಾರು ಮೈಲಿಗಳ ಆಚೆಯ ಮನುಷ್ಯನನ್ನು ಮನಸ್ಸಿನಲ್ಲಿ ಹೇಗೆ ಬೇಕಾದರೂ ಕೆತ್ತಿಕೊಳ್ಳಬಹುದು. ನಾನು ಎರಡು ವರ್ಷ ಸಿಟ್ಟಾಗಿದ್ದದ್ದು ನಾನೇ ಕೆತ್ತಿಕೊಂಡ ಒಬ್ಬ ಅಣ್ಣನ ಮೇಲೆ. ನಿಜವಾದ ಅಣ್ಣ ಹಾಸಿಗೆ ಹಿಡಿದು ಅಳುತ್ತಿದ್ದ.

ಈ ಸಂಚಿಕೆಯನ್ನು ಮಡಿಸಿಟ್ಟ ಮೇಲೆ, ಊಟದ ಸಾಲಿಗೆ ಹೋಗುವ ಮುನ್ನ, ಅಂಥ ಒಬ್ಬರಿಗೆ ದೂರವಾಣಿ ಮಾಡಿರಿ ಎಂದು ಈ ನಿಮ್ಮ ಸೋದರಿಯ ಪ್ರಾರ್ಥನೆ. ಊರಿನಲ್ಲಿ ಆಗ ನಡುರಾತ್ರಿಯಾಗಿದ್ದರೆ ಬೆಳಗಾಗುವ ತನಕ ಕಾಯಿರಿ. ಆದರೆ ನಾಳಿದ್ದಿಗೆ ಮುಂದೂಡಬೇಡಿರಿ. ಎಲ್ಲರಿಗೂ ಸಮಾಧಾನವಾಗಲಿ.